ಕಲ್ಲುಹಾಸಿನ ಬೀದಿ, ಅದರ ಮೇಲಿನ ಗಾಡಿ: ಮಾಡೆಲ್ ರೈಲ್ವೆಗೆ ಯಾವುದು ಯಾವುದಕ್ಕೆ ಹೊಂದುತ್ತದೆ?

ಮಾಡೆಲ್ ರೈಲ್ವೆ ಲೇಔಟ್‌ನಲ್ಲಿ, ಅಂದರೆ ಪುಟ್ಟ ರೈಲು ಓಡಿಸಲು ಹಲಗೆಯ ಮೇಲೆ ಕಟ್ಟುವ ಪುಟ್ಟ ಲೋಕದಲ್ಲಿ, ಊರು ಕಟ್ಟುವವರು ರಸ್ತೆಯ ಸಾಮಾನನ್ನು ಒಂದು ದಿನ ಆರಿಸುತ್ತಾರೆ, ಲಾರಿ-ಕಾರುಗಳನ್ನು ಇನ್ನೊಂದು ದಿನ. ಎಡವಟ್ಟು ಶುರುವಾಗುವುದು ಅಲ್ಲೇ. ಬೇರೆಬೇರೆ ನೋಡಿದರೆ ಎರಡೂ ಚೆನ್ನಾಗಿಯೇ ಇರುತ್ತವೆ. ಲಾರಿಯನ್ನು ತಂದು ಬೀದಿಯಲ್ಲಿ ನಿಲ್ಲಿಸಿದಾಗ ಒಂದೊಂದು ಕಲ್ಲೂ ಚಕ್ರದ ಅರ್ಧದಷ್ಟು ದಪ್ಪ ಕಾಣುತ್ತದೆ, ಇಲ್ಲವೇ ನಾಲ್ಕು ಚಕ್ರಗಳಲ್ಲಿ ಒಂದು ಗಾಳಿಯಲ್ಲಿ ತೂಗುತ್ತಿರುತ್ತದೆ. ನೋಡುವವರ ಕಣ್ಣು ಹೋಗಿ ನಿಲ್ಲುವುದು ಟೈರು ಕಲ್ಲಿಗೆ ತಾಗುವ ಅಷ್ಟೇ ಅಷ್ಟು ಜಾಗದಲ್ಲಿ. ಅದಕ್ಕೇ ಇಲ್ಲಿ ರಸ್ತೆಯನ್ನೂ ಗಾಡಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗಿದೆ.

ಉದಾಹರಣೆಗೆ ಹಿಡಿದದ್ದು 1950ರ ದಶಕದ ಉತ್ತರ ಇಂಗ್ಲೆಂಡ್, ಲ್ಯಾಂಕಶೈರ್ ಕಡೆಯ ಒಂದು ಹತ್ತಿಗಿರಣಿಯ ಊರು. ರೈಲಿನ ಗೂಡ್ಸ್ ಯಾರ್ಡ್, ಗೇಟಿನಾಚೆ ಮಸಿ ಹಿಡಿದ ಕಲ್ಲುಹಾಸಿನ ಬೀದಿ, ಎರಡು ಕಡೆಯೂ ಸಾಲುಮನೆ. ಅಳತೆ ಓಓ, ಅಂದರೆ 1:76, ನಿಜದ 76ರಲ್ಲಿ ಒಂದು ಪಾಲು. ಜರ್ಮನಿಯ ಊರನ್ನು ಎಚ್‌ಓ ಅನ್ನುವ ಇನ್ನೊಂದು ಅಳತೆಯಲ್ಲಿ ಮಾಡುವವರಿಗೆ ಎಲ್ಲೆಲ್ಲಿ ಲೆಕ್ಕ ಬೇರೆಯಾಗುತ್ತದೋ ಅಲ್ಲಲ್ಲಿ ಹೇಳಿದೆ.

ಅಳತೆಯ ಗೊಂದಲ ಎಲ್ಲಿಂದ ಬಂತು

ಓಓದಲ್ಲಿ ನಿಜದ 1 ಅಡಿಗೆ 4 ಮಿ.ಮೀ. ಎಚ್‌ಓದಲ್ಲಿ 3.5 ಮಿ.ಮೀ., ಅಂದರೆ 1:87. ಆದರೆ ಎರಡಕ್ಕೂ ಹಳಿಯ ಅಗಲ ಒಂದೇ, 16.5 ಮಿ.ಮೀ. ರೈಲುಗಳು ಒಂದೇ ಹಳಿಯ ಮೇಲೆ ಓಡುತ್ತವೆ ಅಂದಮೇಲೆ ಕಾರುಗಳೂ ಒಂದೇ ಬೀದಿಯಲ್ಲಿ ನಿಲ್ಲಬಹುದಲ್ಲ ಅನ್ನಿಸುವುದು ಸಹಜ. ನಿಲ್ಲಿಸಿದರೆ ಕಣ್ಣಿಗೆ ಚುಚ್ಚುತ್ತದೆ. ಮೋರಿಸ್ ಮೈನರ್ ಕಾರಿನ ನಿಜವಾದ ಉದ್ದ 3.76 ಮೀಟರ್. ಓಓದಲ್ಲಿ ಅದು 49.5 ಮಿ.ಮೀ. ಆಗುತ್ತದೆ, ಎಚ್‌ಓದಲ್ಲಿ 43, ಆಟಿಕೆ ಅಂಗಡಿಯಲ್ಲಿ ಸಿಗುವ 1:64ರಲ್ಲಿ 59. ಆ 1:64 ಅನ್ನುವುದೂ ಹೆಸರಿಗಷ್ಟೇ. ಪ್ಯಾಕೆಟ್ಟಿನೊಳಗೆ ಕೂರಲಿ ಅಂತ ಬಸ್ಸನ್ನು ಕುಗ್ಗಿಸಿರುತ್ತಾರೆ, ಸಣ್ಣ ಕಾರನ್ನು ಹಿಗ್ಗಿಸಿರುತ್ತಾರೆ.

ನಮ್ಮ ಅಂಬಾಸಿಡರಿನ ಉದ್ದ 4.325 ಮೀಟರ್. ಎಚ್‌ಓದಲ್ಲಿ ಮಾಡಿದ ಅಂಬಾಸಿಡರು ಓಓದ ಮೋರಿಸ್ ಮೈನರಿಗೆ ಸರಿಸಮ ಉದ್ದ ಬರುತ್ತದೆ: ದೊಡ್ಡ ಕಾರು, ಸಣ್ಣ ಕಾರು ಅವಳಿಜವಳಿ. ಅಂದಹಾಗೆ, ಅಂಬಾಸಿಡರಿನ ಮೂಲ 1956ರ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ದಶಕದ ಕೊನೆಯ ವರ್ಷಗಳ ಲ್ಯಾಂಕಶೈರ್ ಬೀದಿಯಲ್ಲಿ ಅದನ್ನು ನಿಲ್ಲಿಸಿದರೆ ಕಾಲಕ್ಕೂ ಒಪ್ಪುತ್ತದೆ, ನಮ್ಮ ಮನೆಗೆ ಬಂದವರೂ ಮೊದಲು ಬೆರಳು ತೋರಿಸುವುದು ಅದಕ್ಕೇ.

ಕೊಳ್ಳುವ ಮುಂಚೆ ಮಾಡಬೇಕಾದ್ದು ಇಷ್ಟು: ಮಾಡೆಲ್ಲಿನ ಉದ್ದವನ್ನು ಮಿ.ಮೀ.ನಲ್ಲಿ ಅಳೆದು 76ರಿಂದ ಗುಣಿಸಿ, ನಿಜದ ಉದ್ದದ ಜೊತೆ ಹೋಲಿಸಿ. ಶೇಕಡಾ 3-4ರ ವ್ಯತ್ಯಾಸ ಯಾರಿಗೂ ಗೊತ್ತಾಗದು. ಎಚ್‌ಓ ಗಾಡಿಗಳನ್ನು ಓಓ ಊರಲ್ಲಿ ಬಳಸಲೇಬೇಕೆಂದರೆ ಹಿಂದಿನ ಸಾಲಿನ ಕಟ್ಟಡಗಳ ನಡುವೆ, ಕಣ್ಣಿನಿಂದ ಒಂದು ಮೀಟರ್ ಆಚೆ ಇಡಿ. ಅಲ್ಲಿ ಅವು ಚಿಕ್ಕದಾಗಿ ಕಾಣದೆ ದೂರದಲ್ಲಿದ್ದ ಹಾಗೆ ಕಾಣುತ್ತವೆ.

ಕಲ್ಲಿನ ಗಾತ್ರ, ಕಲ್ಲಿನ ದಿಕ್ಕು

ಬಾಯಿಮಾತಿಗೆ ಎಲ್ಲವನ್ನೂ ಕಾಬಲ್ ಅಂದರೂ ಕಲ್ಲಿನಲ್ಲಿ ಎರಡು ಬಗೆ. ಹೊಳೆಯ ಗುಂಡುಗಲ್ಲನ್ನು ಹಾಗೇ ಹುಗಿದದ್ದು ನಿಜವಾದ ಕಾಬಲ್. ಇಟ್ಟಿಗೆಯ ಆಕಾರಕ್ಕೆ ಒಡೆದು ಕೂರಿಸಿದ್ದು ಸೆಟ್. ನಮ್ಮ ಸೈಜುಗಲ್ಲಿನ ತಮ್ಮ ಅನ್ನಬಹುದು. ಗಿರಣಿ ಊರಿನ ಬೀದಿಗಳಲ್ಲಿದ್ದದ್ದು ಹೆಚ್ಚಾಗಿ ಸೆಟ್. ಸುಮಾರು 4 ಇಂಚು ಅಗಲ, 6ರಿಂದ 9 ಇಂಚು ಉದ್ದ. ಓಓದಲ್ಲಿ ಅದು 1.3 ಮಿ.ಮೀ. ಅಗಲ, 2ರಿಂದ 3 ಮಿ.ಮೀ. ಉದ್ದ. ಜರ್ಮನಿಯ ದೊಡ್ಡ ಚೌಕಗಲ್ಲು 16 ಸೆಂ.ಮೀ., ಸಣ್ಣದು 8ರಿಂದ 10 ಸೆಂ.ಮೀ. ಎಚ್‌ಓದಲ್ಲಿ ದೊಡ್ಡದು 1.8 ಮಿ.ಮೀ., ಸಣ್ಣದು 1 ಮಿ.ಮೀ. ಆಸುಪಾಸು. ಆ ಸಣ್ಣ ಕಲ್ಲುಗಳನ್ನು ಬೀಸಣಿಗೆಯ ಹಾಗೆ ಕಮಾನು ಕಮಾನಾಗಿ ಜೋಡಿಸುತ್ತಾರೆ. ಜರ್ಮನ್ ಕಂಪನಿಯ ಬೀಸಣಿಗೆ ವಿನ್ಯಾಸದ ಹಾಳೆ ಎಷ್ಟೇ ಅಂದವಾಗಿದ್ದರೂ ಲ್ಯಾಂಕಶೈರಿಗೆ ಒಪ್ಪುವುದಿಲ್ಲ.

ಸೆಟ್ಟಿನ ಉದ್ದದ ಬದಿ ರಸ್ತೆಗೆ ಅಡ್ಡಲಾಗಿರಬೇಕು. ಕುದುರೆಯ ಲಾಳಕ್ಕೆ ಹಿಡಿತ ಸಿಗಲಿ, ಏರಿನಲ್ಲಿ ಭಾರದ ಗಾಡಿ ಎಳೆಯುವಾಗ ಜಾರದಿರಲಿ ಅಂತ ಹಾಗೆ ಹಾಸುತ್ತಿದ್ದರು. ಅಂಚುಗಲ್ಲಿನ ಪಕ್ಕ ನೀರು ಹರಿಯುವ ಕಡೆ ಮಾತ್ರ ಎರಡು-ಮೂರು ಸಾಲು ರಸ್ತೆಯ ಉದ್ದಕ್ಕೇ ಬರುತ್ತವೆ. ಅಡ್ಡ ಸಂದುಗಳಿರುವಲ್ಲಿ ಕೆಸರು ಕಟ್ಟಿಕೊಳ್ಳುತ್ತದೆ, ಉದ್ದ ಸಂದಿನಲ್ಲಿ ನೀರು ಸರಾಗ ಹರಿಯುತ್ತದೆ. ಮಾರುಕಟ್ಟೆಯ ಹಾಳೆಗಳಲ್ಲಿ ಈ ಅಂಚಿನ ಸಾಲು ಇರುವುದೇ ಕಡಿಮೆ. ಹಾಳೆಯಿಂದಲೇ ಮೂರು ಸಾಲು ಕತ್ತರಿಸಿ ತಿರುಗಿಸಿ ಅಂಟಿಸಿದರೆ ಹತ್ತು ನಿಮಿಷದಲ್ಲಿ ಬೀದಿಯ ಲಕ್ಷಣವೇ ಬದಲಾಗುತ್ತದೆ. ಇನ್ನೊಂದು, ರಸ್ತೆಯ ನಡುವಿನ ಉಬ್ಬು. 24 ಅಡಿ ಅಗಲದ ಬೀದಿ ಓಓದಲ್ಲಿ 96 ಮಿ.ಮೀ. 40ಕ್ಕೆ 1ರ ಇಳಿಜಾರು ಹಿಡಿದರೆ ನಡುವೆ 1.2 ಮಿ.ಮೀ. ಎತ್ತರ ಬೇಕು. ಅಷ್ಟೇ ಆದರೂ ಇಲ್ಲದಿದ್ದರೆ ರಸ್ತೆ ಮೇಜಿನ ಹಲಗೆಯಂತೆ ಕಾಣುತ್ತದೆ. ಅಂಚುಗಲ್ಲು ರಸ್ತೆಗಿಂತ 1.5 ಮಿ.ಮೀ. ಮೇಲಿರಲಿ.

ಕಲ್ಲುಹಾಸು ಯಾವುದರಿಂದ?

ಅಚ್ಚುಹಾಕಿದ ಕಾಗದ ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಚಪ್ಪಟೆ. ಎನ್ ಅಳತೆಯವರಿಗೆ ಇದೇ ಸರಿ. ಬ್ರಿಟಿಷ್ ಎನ್ ಅಂದರೆ 1:148, ಅಲ್ಲಿ ಕಲ್ಲಿನ ಅಗಲ 0.7 ಮಿ.ಮೀ., ಸಂದು ಕೊರೆದರೂ ಕಾಣುವುದಿಲ್ಲ. ಓಓದಲ್ಲಿ ಹಿಂದಿನ ಸಾಲಿಗೆ ಸಾಕು. ಇಂಕ್‌ಜೆಟ್ ಬಣ್ಣ ನೀರು ತಾಗಿದರೆ ಹಬ್ಬುತ್ತದೆ, ಬಿಸಿಲಿಗೆ ಮಾಸುತ್ತದೆ, ಲೇಸರ್ ಪ್ರಿಂಟ್ ವಾಸಿ. ಫೆವಿಕಾಲ್ ಬಳಿದರೆ ಕಾಗದ ನೆನೆದು ಹಿಗ್ಗಿ, ಒಣಗಿದ ಮೇಲೂ ಸುಕ್ಕು ಉಳಿಯುತ್ತದೆ. ಗ್ಲೂ ಸ್ಟಿಕ್ ಅಥವಾ ಸ್ಪ್ರೇ ಅಂಟು ಬಳಸಿ. ಕತ್ತರಿಸಿದ ಅಂಚಿನ ಬಿಳಿಗೆ ಬೂದು ಬಣ್ಣದ ಪೆನ್ಸಿಲ್ ತೀಡುವುದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ.

ದಪ್ಪ ಪ್ಲಾಸ್ಟಿಕ್ ಹಾಳೆಗಳಲ್ಲಿ, ಉದಾಹರಣೆಗೆ ಬ್ರಿಟನ್ನಿನ ವಿಲ್ಸ್ ಹಾಳೆಗಳಲ್ಲಿ, ಕಲ್ಲಿನ ಮೈ ಬಹಳ ಚೆನ್ನಾಗಿ ಬಂದಿರುತ್ತದೆ. ತೊಂದರೆ ಎರಡು. ಹಾಳೆ ಚಿಕ್ಕದು, ಹಾಗಾಗಿ ಜೋಡಣೆ ಜಾಸ್ತಿ. ಗಟ್ಟಿಯಾದ್ದರಿಂದ ಉಬ್ಬಿಗೆ ಬಾಗುವುದಿಲ್ಲ. ಜೋಡಿಸುವಾಗ ನೇರ ಕತ್ತರಿಸಬೇಡಿ. ಕಲ್ಲಿನ ಸಂದನ್ನೇ ಹಿಡಿದು ಹಲ್ಲು ಹಲ್ಲಾಗಿ ಕತ್ತರಿಸಿ, ಒಂದರ ಹಲ್ಲು ಇನ್ನೊಂದರ ಗುಳಿಗೆ ಕೂರುವಂತೆ ಮಾಡಿ. ಆಮೇಲೆ ಗೀರುವ ಸಣ್ಣ ಉಳಿ ಅಥವಾ ಚೂಪು ಸೂಜಿಯಿಂದ ಸಂದನ್ನು ತೀಡಿ. ಉಬ್ಬಿಗಾಗಿ ಹಾಳೆಯನ್ನು ರಸ್ತೆಯ ನಡುಗೆರೆಯಲ್ಲಿ ಹಿಂಬದಿಯಿಂದ ಅರ್ಧ ಆಳ ಗೀರಿ ಬಗ್ಗಿಸುವುದುಂಟು, ಆದರೆ ಅಲ್ಲಿ ಮನೆಯ ಚಾವಣಿಯಂತೆ ಒಂದು ಕೋನ ಉಳಿದುಬಿಡುತ್ತದೆ. ಐದಾರು ಕಡೆ ಗೀರಿದರೆ ಕೋನ ಕರಗುತ್ತದೆ.

ಸ್ಲೇಟರ್ಸ್‌ನಂಥ ತೆಳು ಹಾಳೆ ಉಬ್ಬಿಗೆ ತಾನಾಗೇ ಬಾಗುತ್ತದೆ, ಆದರೆ ಕಲ್ಲಿನ ಅಂಚು ಮೊಂಡು. ಇಲ್ಲಿ ಜನ ತಪ್ಪುವುದು ಅಂಟಿನಲ್ಲಿ. ತೆಳು ಹಾಳೆಯನ್ನು ದಪ್ಪ ಪ್ಲಾಸ್ಟಿಕ್ಕಿನ ಮೇಲೆ ಕರಗಿಸುವ ದ್ರಾವಕದಿಂದ ಅಂಟಿಸಿದರೆ ದ್ರಾವಕದ ಆವಿ ನಡುವೆ ಸಿಕ್ಕಿಕೊಳ್ಳುತ್ತದೆ. ಅಂದಿಗೆ ಎಲ್ಲ ಸರಿ. ತಿಂಗಳುಗಳ ನಂತರ ಹಾಳೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಕೆಳಗಿನ ಪದರಕ್ಕೆ 2 ಸೆಂ.ಮೀ.ಗೊಂದರಂತೆ 1.5 ಮಿ.ಮೀ. ತೂತು ಕೊರೆದು ಆವಿಗೆ ದಾರಿ ಮಾಡಿ, ದ್ರಾವಕ ಮಿತವಾಗಿರಲಿ.

ಹಿಂಬದಿಯಲ್ಲಿ ಅಂಟಿರುವ, ಮೇಲ್ಮೈ ಉಬ್ಬಿದ, ಬಣ್ಣವೂ ಬಂದಿರುವ ಮೆತ್ತನೆ ಹಾಳೆಗಳು ಇನ್ನೊಂದು ಆಯ್ಕೆ. ಸ್ಪೇನಿನ ರೆಡುಟೆಕ್ಸ್ ಇದರಲ್ಲಿ ಹೆಸರು ಮಾಡಿದೆ. ಕತ್ತರಿ ಸಾಕು, ಉಬ್ಬು-ತಿರುವು ಎರಡಕ್ಕೂ ಬಾಗುತ್ತದೆ, ಸಂಜೆಯೊಳಗೆ ಬೀದಿ ಮುಗಿಯುತ್ತದೆ. ದುಬಾರಿ, ತರಿಸಿಕೊಳ್ಳಬೇಕು. ಅಂಟಿಸುವ ಜಾಗದಲ್ಲಿ ಒಂದು ಕಾಳು ಮರಳಿದ್ದರೂ ಗುಳ್ಳೆಯಾಗಿ ಎದ್ದು ಕಾಣುತ್ತದೆ. ಸಮಯ ಇಲ್ಲ, ದುಡ್ಡಿದೆ ಅನ್ನುವವರಿಗೆ ಇದನ್ನು ಬಿಟ್ಟು ಬೇರೆ ಹುಡುಕುವುದು ಬೇಡ.

ಕೈಯಿಂದ ಒತ್ತಿ ಮಾಡಿದ ಜೇಡಿಯ ಬೀದಿಯನ್ನು ಮಾತ್ರ ಯಾವ ಹಾಳೆಯೂ ಮುಟ್ಟುವುದಿಲ್ಲ. ಜೋಡಣೆ ಇಲ್ಲ, ಅದೇ ವಿನ್ಯಾಸ ಮತ್ತೆಮತ್ತೆ ಬರುವುದಿಲ್ಲ, ಮ್ಯಾನ್‌ಹೋಲ್ ಮುಚ್ಚಳದ ಸುತ್ತ ಕಲ್ಲನ್ನು ಬೇಕಾದ ಹಾಗೆ ತಿರುಗಿಸಬಹುದು. ಬೇಕಾದ್ದು ಡಾಸ್‌ನಂಥ ಗಾಳಿಗೆ ಒಣಗುವ ಗಟ್ಟಿ ಜೇಡಿ. ಮಕ್ಕಳ ಸೂಪರ್‌ಲೈಟ್ ಕ್ಲೇ ಬೇಡ. ಅದು ಸ್ಪಂಜಿನಂತೆ, ಒತ್ತಿದ್ದು ಅರ್ಧ ವಾಪಸ್ ಬರುತ್ತದೆ. 96 ಮಿ.ಮೀ. ಅಗಲ, 30 ಸೆಂ.ಮೀ. ಉದ್ದದ ಬೀದಿಗೆ 2 ಮಿ.ಮೀ. ದಪ್ಪ ಹಾಸಲು ಸುಮಾರು 100 ಗ್ರಾಂ ಬೇಕು, ಹಾಳಾಗುವುದು ಸೇರಿ 150 ಇಟ್ಟುಕೊಳ್ಳಿ. ತಳದ ಎಂಡಿಎಫ್ ಹಲಗೆ ಅಥವಾ ಸನ್‌ಬೋರ್ಡಿನ ಮೈಯನ್ನು ಮರಳುಕಾಗದದಿಂದ ಒರಟು ಮಾಡಿ ಫೆವಿಕಾಲ್ ಬಳಿಯಿರಿ, ಅದು ಹಸಿಯಿರುವಾಗಲೇ ಜೇಡಿ ಹಾಸಿ. ಅಂಟಿಲ್ಲದೆ ಹಾಸಿದರೆ ಒಣಗಿ ಕುಗ್ಗುವಾಗ ಅಂಚುಗಳು ಎದ್ದು, ನಡುವೆ ಬಿರುಕು ಬಿಡುವುದು ಖಾತ್ರಿ. ಎರಡು ಬದಿಗೂ 2 ಮಿ.ಮೀ. ಪಟ್ಟಿ ಇಟ್ಟು, ನಡುವೆ ಉಬ್ಬಿಗೆ 1 ಮಿ.ಮೀ. ಕಾರ್ಡಿನ ಪಟ್ಟಿ ಮೊದಲೇ ಅಂಟಿಸಿ, ಒದ್ದೆ ಮಾಡಿದ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಎಳೆದು ಮೈ ನುಣುಪು ಮಾಡಿ.

ಒತ್ತುವ ಉಪಕರಣ ಮನೆಯಲ್ಲೇ ಆಗುತ್ತದೆ. ಹೊರ ಅಳತೆ 3 ಮಿ.ಮೀ., ಗೋಡೆ 0.2 ಮಿ.ಮೀ. ಇರುವ ಹಿತ್ತಾಳೆ ಕೊಳವೆಯ ತುದಿಯನ್ನು ಇಕ್ಕುಳದಲ್ಲಿ ಮೆಲ್ಲಗೆ ಹಿಸುಕಿ ಆಯತ ಮಾಡಿ. ಒಳಗೆ ಸುಮಾರು 1.3 × 2.7 ಮಿ.ಮೀ. ಬರುತ್ತದೆ, ಅಂದರೆ ಒಂದು ಸೆಟ್. ಕೊಳವೆಯ ಗೋಡೆ ಒತ್ತಿದ ಗುರುತೇ ಸಂದು. ಜೇಡಿ ಬೆರಳಿಗೆ ಅಂಟಬಾರದು, ಉಗುರು ಒತ್ತಿದರೆ ಗೆರೆ ಹಾಗೇ ಉಳಿಯಬೇಕು, ಅದೇ ಹದ. ಹದ ಬರುವ ಮುಂಚೆ ಒತ್ತಿದರೆ ಜೇಡಿ ಕೊಳವೆಯೊಳಗೆ ಸೇರಿ ಕಲ್ಲೇ ಕಿತ್ತು ಬರುತ್ತದೆ. ತುದಿಯನ್ನು ಆಗಾಗ ಟಾಲ್ಕಂ ಪೌಡರಿಗೆ ಅದ್ದಿ, ಒಳಗೊಂದು ತಂತಿ ಇಟ್ಟುಕೊಂಡು ಕಟ್ಟಿಕೊಂಡದ್ದನ್ನು ದೂಡಿ. ಸಾಲು ಸೊಟ್ಟಗಾಗದಿರಲು ಪ್ರತಿ 2 ಸೆಂ.ಮೀ.ಗೆ ಒಂದು ಅಡ್ಡಗೆರೆ ಮೊದಲೇ ಗೀಚಿ. ಪಕ್ಕದ ಸಾಲಿನ ಸಂದಿಗೆ ಸಂದು ಸೇರಬಾರದು, ಅರ್ಧ ಕಲ್ಲು ಸರಿದು ಬರಲಿ.

ಈಗ ಲೆಕ್ಕ ಕೇಳಿ. ಈ ಗಾತ್ರದಲ್ಲಿ ಚದರ ಸೆಂ.ಮೀ.ಗೆ ಸುಮಾರು 23 ಕಲ್ಲು. ಮೇಲಿನ 30 ಸೆಂ.ಮೀ. ಬೀದಿಗೆ 6,600. ಕಲ್ಲಿಗೆ 2 ಸೆಕೆಂಡ್ ಅಂದರೂ ಮೂರೂವರೆ ಗಂಟೆಗಿಂತ ಜಾಸ್ತಿ, ಅಷ್ಟರಲ್ಲಿ ಜೇಡಿಯ ಹದ ಹೋಗಿರುತ್ತದೆ. ಆದ್ದರಿಂದ ಒಮ್ಮೆಗೆ 10 ಸೆಂ.ಮೀ.ನಷ್ಟೇ ಹಾಸಿ. ಅಥವಾ ಐದಾರು ಕೊಳವೆಗಳನ್ನು ಸಾಲಾಗಿ ಬೆಸುಗೆ ಹಾಕಿಕೊಳ್ಳಿ. ಕೆಲಸ ಬೇಗ ಸಾಗುತ್ತದೆ, ಕೈಬರಹದ ಗುಣ ಸ್ವಲ್ಪ ಹೋಗುತ್ತದೆ. ವಿನ್ಯಾಸ ಕೊರೆದ ರೋಲರಿನಲ್ಲಿ ಇನ್ನೂ ಬೇಗ, ಆದರೆ ರೋಲರಿನ ಸುತ್ತಳತೆಗೊಮ್ಮೆ ಅದೇ ಮುರಿದ ಕಲ್ಲು ಅದೇ ಜಾಗದಲ್ಲಿ ಬರುತ್ತದೆ. ಒಂದು ಸಲ ಅದು ಕಣ್ಣಿಗೆ ಬಿದ್ದರೆ ಮುಗಿಯಿತು, ಆಮೇಲೆ ಅದೊಂದೇ ಕಾಣುವುದು.

ಯಾರ್ಡಿನಂಥ ದೊಡ್ಡ ಬಯಲಿಗೆ ಎರಕ ಲಾಭ. 10 × 10 ಸೆಂ.ಮೀ.ನ ಒಂದು ಒಳ್ಳೆಯ ಜೇಡಿ ತುಂಡು ಮಾಡಿ, ಸಿಲಿಕೋನ್ ಅಚ್ಚು ತೆಗೆದು, ಬೇಕಾದಷ್ಟು ಬಿಲ್ಲೆ ಎರೆದುಕೊಳ್ಳಿ. ಪ್ಲಾಸ್ಟರ್ ಆಫ್ ಪ್ಯಾರಿಸ್ 100 ಗ್ರಾಂಗೆ 50 ಮಿ.ಲೀ. ನೀರು ಬೇಡುತ್ತದೆ, ಒಣಗಿದ ಮೇಲೆ ಮೂಲೆ ಉದುರುತ್ತದೆ. ಹಲ್ಲಿನ ಡಾಕ್ಟರುಗಳ ಸಾಮಾನಿನ ಅಂಗಡಿಯಲ್ಲಿ ಡೆಂಟಲ್ ಸ್ಟೋನ್ ಸಿಗುತ್ತದೆ, 100 ಗ್ರಾಂಗೆ 30 ಮಿ.ಲೀ. ನೀರು ಸಾಕು, ಎಷ್ಟೋ ಪಾಲು ಗಟ್ಟಿ. ಪುಡಿಯನ್ನು ನೀರಿಗೆ ಹಾಕಬೇಕು, ನೀರನ್ನು ಪುಡಿಗಲ್ಲ. ತಲೆಕೆಳಗು ಮಾಡಿದರೆ ಗಂಟು, ಗುಳ್ಳೆ. ಮೊದಲ ಪದರವನ್ನು ಬ್ರಶ್ಶಿನಿಂದ ಅಚ್ಚಿಗೆ ತೀಡಿದರೆ ಗುಳ್ಳೆಯ ಕಾಟ ತಪ್ಪುತ್ತದೆ.

ಲೇಸರ್ ಕಟ್ ಎಂಡಿಎಫ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಂದು ನಾಜೂಕು, ಆದರೆ ಕಲ್ಲಿನ ತಲೆ ಎಲ್ಲವೂ ಸಪಾಟು. ಸುಟ್ಟ ಕರಿಯ ಮೇಲೆ ಪ್ರೈಮರ್ ಇಲ್ಲದೆ ಬಣ್ಣ ನಿಲ್ಲದು.

ಬೀದಿಯೊಳಗೆ ಹಳಿ ಹೋಗುವುದಾದರೆ

ಯಾರ್ಡಿನ ಹಳಿಯನ್ನು ಕಲ್ಲಿನಲ್ಲಿ ಹುಗಿಯುವುದು ಅಂದದ ಮಾತಾದರೂ ರೈಲು ಹಳಿ ತಪ್ಪುವುದು ಇಲ್ಲೇ. ಓಓ ಚಕ್ರಗಳ ಒಳಮೈ ನಡುವಿನ ಅಂತರ 14.4 ಮಿ.ಮೀ. ಹತ್ತಿರ. ಹಳಿಗಳ ನಡುವಿನ ಹಾಸು ನೇರ ಹಳಿಯಲ್ಲಿ 13.5 ಮಿ.ಮೀ., ತಿರುವಿನಲ್ಲಿ 13 ಮೀರಬಾರದು. ಹಾಸಿನ ಮೇಲ್ಮೈ ಹಳಿಯ ತಲೆಗಿಂತ 0.3ರಿಂದ 0.5 ಮಿ.ಮೀ. ಕೆಳಗಿರಲಿ. ಸಮಕ್ಕೆ ತಂದರೆ ಹಳಿ ಒರೆಸುವಾಗಲೆಲ್ಲ ಕಲ್ಲಿನ ಬಣ್ಣ ಎದ್ದು ಬರುತ್ತದೆ, ಎಂಜಿನ್ನಿನ ಕೆಳಗೆ ಇಳಿಬಿದ್ದಿರುವ ಕೊಂಡಿಯ ತುದಿ ಕಲ್ಲಿಗೆ ಸಿಕ್ಕಿ ಬೋಗಿ ಜಗ್ಗುತ್ತದೆ. ಇಲ್ಲಿ ಜೇಡಿಗಿಂತ ಪ್ಲಾಸ್ಟಿಕ್ ಹಾಳೆ ವಾಸಿ, ಯಾಕೆಂದರೆ ಅಗಲವನ್ನು ಕರಾರುವಾಕ್ಕಾಗಿ ಕತ್ತರಿಸಬಹುದು, ತಪ್ಪಿದರೆ ಕಿತ್ತು ತೆಗೆಯಬಹುದು. ಜೇಡಿಯೇ ಬೇಕೆಂದರೆ ಅದು ಹಸಿಯಿರುವಾಗ ಒಂದು ಹಳೆಯ ವ್ಯಾಗನ್ನನ್ನು ನಾಲ್ಕಾರು ಸಲ ಓಡಿಸಿ; ಚಕ್ರವೇ ತನ್ನ ದಾರಿ ಕೊರೆದುಕೊಳ್ಳುತ್ತದೆ. ಹಳಿ ಕವಲೊಡೆಯುವ ಪಾಯಿಂಟಿನ ಚಲಿಸುವ ಬ್ಲೇಡಿನ ಬಳಿ ಜೇಡಿಯನ್ನು ತರಲೇಬೇಡಿ.

ಗಾಡಿ: ಸಿದ್ಧ ಡೈಕಾಸ್ಟೋ, ಕಿಟ್ಟೋ?

1:76ರಲ್ಲಿ ಸಿದ್ಧ ಗಾಡಿ ಅಂದರೆ ಮೊದಲು ಬರುವ ಹೆಸರು ಆಕ್ಸ್‌ಫರ್ಡ್ ಡೈಕಾಸ್ಟ್, ಬಸ್ಸುಗಳಿಗೆ ಇಎಫ್‌ಇ. ಎಚ್‌ಓದಲ್ಲಿ ವೀಕಿಂಗ್, ಹೆರ್ಪಾ, ಬ್ರೆಕಿನಾ, ಬುಶ್. ಡೈಕಾಸ್ಟಿನ ಮೈ ಲೋಹದ್ದು, ತೂಕ ಇರುತ್ತದೆ, ಬಣ್ಣ-ಅಕ್ಷರ ಮುದ್ದಾಗಿರುತ್ತದೆ, ಆದರೆ ಬಾಗಿಲ ಸಂದು ಆಳ, ಮೈ ಶೋರೂಮಿನ ಹೊಳಪು. ಎಚ್‌ಓದ ಪ್ಲಾಸ್ಟಿಕ್ ಗಾಡಿಗಳ ಗಾಜು ತೆಳು, ಅಂಚು ಚೂಪು, ಬಿಚ್ಚುವುದು ಸುಲಭ. ವೈಟ್‌ಮೆಟಲ್ ಅನ್ನುವ, ಬೇಗ ಕರಗುವ ಮೆತ್ತನೆ ಲೋಹದ ಬಿಡಿಭಾಗಗಳನ್ನು ನಾವೇ ಜೋಡಿಸುವ ಕಿಟ್‌ಗಳಲ್ಲಿ ಸಿದ್ಧರೂಪದಲ್ಲಿ ಸಿಗದ ವಿಚಿತ್ರ ಲಾರಿಗಳೆಲ್ಲ ಇವೆ, ಆದರೆ ಕಿಟಕಿಯ ಕಂಬ ದಪ್ಪ, ಗಾಜನ್ನು ನೀವೇ ಕತ್ತರಿಸಬೇಕು. ಅವನ್ನು 5 ನಿಮಿಷದ ಎಪಾಕ್ಸಿಯಿಂದ ಜೋಡಿಸಿ. ಸಾಮಾನ್ಯ ಬೆಸುಗೆ ಕಬ್ಬಿಣ ಇಟ್ಟರೆ ಲಾರಿಯ ಮೂತಿಯೇ ಕರಗಿ ಇಳಿಯುತ್ತದೆ. 70 ಡಿಗ್ರಿಗೆ ಕರಗುವ ವಿಶೇಷ ಬೆಸುಗೆ, ತಾಪ ಹಿಡಿತದಲ್ಲಿರುವ ಕಬ್ಬಿಣ ಬೇಕು. ಹಳೆಯ ಕಿಟ್‌ಗಳಲ್ಲಿ ಸೀಸ ಇರುತ್ತದೆ, ಅರ ಉಜ್ಜಿದ ಮೇಲೆ ಕೈ ತೊಳೆಯದೆ ತಿಂಡಿ ಮುಟ್ಟಬಾರದು. ರೆಸಿನ್ ಮತ್ತು 3ಡಿ ಪ್ರಿಂಟ್ ಗಾಡಿಗಳ ಪುಡಿಗೆ ಮಾಸ್ಕ್ ಬೇಕು.

ನಮ್ಮ ಸಲಹೆ: ಬೀದಿಗೆ ಹತ್ತು ಗಾಡಿ ಬೇಕಿದ್ದರೆ ಎಂಟು ಸಿದ್ಧ ಡೈಕಾಸ್ಟ್, ಎರಡು ಕಿಟ್. ಸಿದ್ಧ ಗಾಡಿಯನ್ನು ತಿದ್ದುವುದರಲ್ಲಿ ಹೂಡಿದ ಒಂದು ಸಂಜೆ ಹೊಸ ಕಿಟ್‌ನಲ್ಲಿ ಹೂಡಿದ ಒಂದು ವಾರಕ್ಕಿಂತ ಹೆಚ್ಚು ಫಲ ಕೊಡುತ್ತದೆ.

ತಿದ್ದುವುದು ಹೀಗೆ. ತಳದ ರಿವೆಟ್ಟುಗಳ ತಲೆಯನ್ನು 4 ಮಿ.ಮೀ. ಡ್ರಿಲ್ ಬಿಟ್‌ನಿಂದ, ಕೈಯಲ್ಲೇ ತಿರುಗಿಸಿ ತೆಗೆಯಿರಿ. ಮೆಷಿನ್ನಿನಲ್ಲಿ ಕೊರೆದರೆ ಬಿಟ್ ಒಳಗೆ ನುಗ್ಗಿ ಸೀಟು ಸೀಳುತ್ತದೆ. ಗಾಜನ್ನು ಹೊರತೆಗೆದೇ ಮೈಗೆ ಮ್ಯಾಟ್ ವಾರ್ನಿಶ್ ಹೊಡೆಯಬೇಕು, ಇಲ್ಲವಾದರೆ ಕಿಟಕಿಗಳೆಲ್ಲ ಮಂಜು ಕವಿದಂತಾಗುತ್ತವೆ. ಮಳೆಗಾಲದಲ್ಲಿ, ಅದರಲ್ಲೂ ಮಂಗಳೂರು-ಉಡುಪಿ ಕಡೆ, ಸ್ಪ್ರೇ ವಾರ್ನಿಶ್ ಗಾಳಿಯ ತೇವ ಹಿಡಿದು ಬೂಷ್ಟು ಬಂದಂತೆ ಬೆಳ್ಳಗಾಗುತ್ತದೆ. ಬಿಸಿಲು ಬಿದ್ದ ದಿನ ಮಧ್ಯಾಹ್ನದ ಹೊತ್ತು ಹೊಡೆಯಿರಿ, ಇಲ್ಲವೇ ನೀರಿನ ವಾರ್ನಿಶ್ಶನ್ನು ಬ್ರಶ್ಶಿನಲ್ಲಿ ಬಳಿಯಿರಿ. ಗಾಜು ಮತ್ತೆ ಕೂರಿಸಲು ಫೆವಿಕಾಲ್ ಸಾಕು; ಸೂಪರ್ ಗ್ಲೂ ಹಾಕಿದರೆ ಅದರ ಆವಿ ಗಾಜಿನ ಒಳಮೈಗೆ ಬಿಳಿ ಪೊರೆ ಕಟ್ಟಿಸುತ್ತದೆ. ಮುಚ್ಚುವ ಮುಂಚೆ ಡ್ರೈವರನ್ನು ಕೂರಿಸಿ. ಡ್ರೈವರಿಲ್ಲದ ಲಾರಿ ನಡುರಸ್ತೆಯಲ್ಲಿ ನಿಂತಿದ್ದರೆ ಉಳಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಬಾಗಿಲ ಸಂದುಗಳಿಗೆ ಕರಿಯಲ್ಲ, ಗಾಡಿಯ ಬಣ್ಣದ್ದೇ ಕಡು ಛಾಯೆ ತೆಳುವಾಗಿ ಹರಿಸಿ.

ನಂಬರ್ ಪ್ಲೇಟಿನಲ್ಲಿ ಕಾಲ ಬಯಲಾಗುತ್ತದೆ. 1950ರ ದಶಕದಲ್ಲಿ ಕರಿಯ ಮೇಲೆ ಬಿಳಿ ಅಥವಾ ಬೆಳ್ಳಿ ಅಕ್ಷರ. ನೋಂದಣಿಯ ವರ್ಷ ಹೇಳುವ ಅಕ್ಷರ ಶುರುವಾದದ್ದು 1963ರಲ್ಲಿ. ಹಳದಿ ಪ್ಲೇಟು ಇನ್ನೂ ಆಮೇಲಿನದು. ಮೂರು ಅಕ್ಷರ ಇದ್ದರೆ ಕೊನೆಯ ಎರಡು ಊರನ್ನು ಹೇಳುತ್ತವೆ: ಬಿಎನ್ ಬೋಲ್ಟನ್, ಸಿಕೆ ಪ್ರೆಸ್ಟನ್, ಸಿಡಬ್ಲ್ಯೂ ಬರ್ನ್‌ಲಿ, ಡಿಕೆ ರಾಚ್‌ಡೇಲ್. ಕೊಂಡ ಗಾಡಿಗಳಲ್ಲಿ ಅರ್ಧಕ್ಕರ್ಧ ಲಂಡನ್ನಿನ ನಂಬರೇ ಇದ್ದರೆ ಮುಂದಿನ ಸಾಲಿನ ಎರಡು-ಮೂರನ್ನಾದರೂ ಬದಲಿಸಿ. ಫೋಟೋ ಕಾಗದದ ಮೇಲೆ ಅಚ್ಚುಹಾಕಿ, ಹಿಂಬದಿಯ ಪದರ ಸುಲಿದು ತೆಳು ಮಾಡಿ, ಅಂಚಿಗೆ ಕರಿ ಮಾರ್ಕರ್ ತೀಡಿ ಅಂಟಿಸಿ.

ಗೂಡ್ಸ್ ಯಾರ್ಡಿಗೆ ಒಂದೇ ಗಾಡಿ ಕೊಳ್ಳುವುದಾದರೆ ಸ್ಕ್ಯಾಮೆಲ್ ಸ್ಕ್ಯಾರಬ್ ಕೊಳ್ಳಿ. 1948ರಲ್ಲಿ ಬಂದ ಮೂರು ಚಕ್ರದ ಎಂಜಿನ್ ಗಾಡಿ, ಹಿಂದೆ ಬಿಚ್ಚಿ ಸಿಕ್ಕಿಸುವ ಟ್ರೇಲರ್. ಕುದುರೆ ಗಾಡಿ ತಿರುಗುವಷ್ಟು ಜಾಗದಲ್ಲೇ ತಿರುಗುತ್ತಿತ್ತು. ಬ್ರಿಟಿಷ್ ರೈಲ್ವೇಸ್‌ನ ಕಡುಗೆಂಪು-ಕೆನೆ ಬಣ್ಣ ಮಸಿ ಹಿಡಿದ ಬೀದಿಯಲ್ಲಿ ಎದ್ದು ಕಾಣುತ್ತದೆ. ಮಾಡೆಲ್ ಕಟ್ಟುವವರಿಗೆ ಇನ್ನೊಂದು ಲಾಭವೂ ಇದೆ. ಮೂರು ಕಾಲಿನ ಪೀಠ ಎಂಥ ನೆಲದಲ್ಲೂ ಅಲುಗಾಡುವುದಿಲ್ಲ. ಹಾಗೆಯೇ ಮೂರು ಚಕ್ರದ ಸ್ಕ್ಯಾರಬ್ಬು ಎಷ್ಟೇ ಏರುಪೇರಿನ ಕಲ್ಲಿನ ಮೇಲೂ ಗಟ್ಟಿಯಾಗಿ ಕೂರುತ್ತದೆ.

ಚಕ್ರ ಕಲ್ಲಿಗೆ ತಾಗುವಲ್ಲಿ

ನಾಲ್ಕು ಚಕ್ರದವು ಹಾಗಲ್ಲ. ಕೈಯಲ್ಲಿ ಒತ್ತಿದ ಜೇಡಿಯ ಮೇಲೆ ಒಂದು ಚಕ್ರ 0.3 ಮಿ.ಮೀ. ಎತ್ತರದಲ್ಲಿ ನಿಂತರೂ ಅದರಡಿ ಬೆಳಕು ಕಾಣುತ್ತದೆ. ಎರಡು ಉಪಾಯ. ಒಂದು, ಟೈರಿನ ತಳವನ್ನು ಅರದಿಂದ 0.3 ಮಿ.ಮೀ. ಚಪ್ಪಟೆ ಮಾಡುವುದು. ಭಾರಕ್ಕೆ ಟೈರು ಕುಗ್ಗಿದಂತೆಯೂ ಕಾಣುತ್ತದೆ, ಯಾವ ಚಕ್ರ ಎತ್ತರವೋ ಅದನ್ನು ಬಿಟ್ಟು ಉಳಿದ ಮೂರನ್ನು ಸ್ವಲ್ಪ ಹೆಚ್ಚು ಉಜ್ಜಿದರೆ ನಾಲ್ಕೂ ನೆಲ ಮುಟ್ಟುತ್ತವೆ. ಚಪ್ಪಟೆಯಾದ ಬದಿ ಕೆಳಗೇ ಇರುವಂತೆ ಚಕ್ರದ ಅಚ್ಚಿಗೆ ಒಂದು ಹನಿ ಅಂಟು ಹಾಕಿ. ಇನ್ನೊಂದು, ತಳಕ್ಕೆ 0.8 ಮಿ.ಮೀ. ತಂತಿ ಅಂಟಿಸಿ ರಸ್ತೆಯ ತೂತಿಗೆ ಇಳಿಸುವುದು. ಲೇಔಟ್ ಕಳಚಿ ಸಾಗಿಸುವವರಿಗೆ ಇದೇ ಕ್ಷೇಮ, ಗಾಡಿ ಜಾರುವುದಿಲ್ಲ, ಬೇಕಾದಾಗ ಎತ್ತಬಹುದು. ಇಳಿಜಾರು ಬೀದಿಯಲ್ಲಿ ಕೆಳಮುಖವಾಗಿ ನಿಲ್ಲಿಸಿದ ಗಾಡಿಯ ಮುಂಚಕ್ರವನ್ನು ಅಂಚುಗಲ್ಲಿನ ಕಡೆಗೆ ತಿರುಗಿಸಿಡಿ.

ಗಾಡಿ ಓಡಲೇಬೇಕು ಅನ್ನುವವರ ದಾರಿ ಬೇರೆ. ಫಾಲರ್ ಕಾರ್ ಸಿಸ್ಟಮಿನಂಥ ಏರ್ಪಾಟಿನಲ್ಲಿ ಮುಂಚಕ್ರದ ಬಳಿಯ ಅಯಸ್ಕಾಂತ ರಸ್ತೆಯೊಳಗಿನ ತಂತಿಯನ್ನು ಹಿಂಬಾಲಿಸುತ್ತದೆ. ಆಳ ಸಂದಿನ ಕಲ್ಲಿನ ಮೇಲೆ ಅದು ಕುಣಿದು ದಾರಿ ತಪ್ಪುತ್ತದೆ. ಅಲ್ಲಿಗೆ ಅಚ್ಚುಕಾಗದ ಅಥವಾ ತೀರ ತೆಳು ಉಬ್ಬಿನ ಹಾಳೆ ಮಾತ್ರ. ಜೇಡಿಯನ್ನು ಗಾಡಿ ನಿಂತಿರುವ ಅಡ್ಡಬೀದಿಗೆ ಮೀಸಲಿಡಿ.

ಬಣ್ಣ

ಕಲ್ಲನ್ನು ಮೊದಲು ಕಪ್ಪು ಬಳಿದು ಆಮೇಲೆ ಬೂದು ಒಣಬ್ರಶ್ (ಬಣ್ಣವನ್ನು ಬಹುಪಾಲು ಒರೆಸಿದ ಬ್ರಶ್) ಎಳೆಯುವುದು ಎಲ್ಲರೂ ಮಾಡುವ ಕೆಲಸ, ಫಲ ಕಲ್ಲಿದ್ದಲು ಹರಡಿದ ಹಾಗೆ. ತಳಕ್ಕೆ ನಡುಬೂದಿಗೆ ಸ್ವಲ್ಪ ಕಂದು ಬೆರೆಸಿ ಬಳಿಯಿರಿ. ಹತ್ತರಲ್ಲಿ ಒಂದು ಕಲ್ಲನ್ನು ಮೂರು-ನಾಲ್ಕು ಛಾಯೆಗಳಲ್ಲಿ ಬಿಡಿಬಿಡಿಯಾಗಿ ತಿದ್ದಿ. ಛಾಯೆಯನ್ನು ಕಲ್ಲಿನ ಮೂಲ ನೋಡಿ ಆರಿಸಿ: ವೇಲ್ಸಿನ ಪೆನ್‌ಮೈನ್‌ಮೌರ್ ಕಲ್ಲು ನೀಲಿಗಪ್ಪು ಬೂದು, ಲೆಸ್ಟರ್‌ಶೈರಿನ ಮೌಂಟ್‌ಸೋರೆಲ್ ಗ್ರಾನೈಟ್ ಗುಲಾಬಿ ಛಾಯೆಯದು, ಪೆನೈನ್ ಬೆಟ್ಟಗಳ ಮರಳುಗಲ್ಲು ಕಂದು. ಆಮೇಲೆ 1 ಪಾಲು ಕಡುಕಂದು ಅಕ್ರಿಲಿಕ್‌ಗೆ 10 ಪಾಲು ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು ಸೇರಿಸಿ ಹರಿಸಿ, ಕಲ್ಲಿನ ತಲೆಯನ್ನು ಸ್ಪಂಜಿನಿಂದ ಒರೆಸಿ. ಸೋಪಿಲ್ಲದಿದ್ದರೆ ನೀರು ಸಂದಿಗೆ ಇಳಿಯದೆ ಮೇಲೇ ಮುತ್ತುಗಟ್ಟುತ್ತದೆ. ಜೇಡಿ ಮತ್ತು ಪ್ಲಾಸ್ಟರ್ ನೀರು ಹೀರುತ್ತವೆ. ಮೊದಲು ನೀರು ಬೆರೆಸಿದ ಫೆವಿಕಾಲ್ ಒಂದು ಕೋಟ್ ಕೊಡದಿದ್ದರೆ ಬಣ್ಣ ಕಲೆಕಲೆಯಾಗುತ್ತದೆ.

ಚಕ್ರ ಓಡಾಡುವ ಎರಡು ಪಟ್ಟಿಗಳಲ್ಲಿ ಕಲ್ಲು ಸವೆದು ನಯವಾಗಿ ಸ್ವಲ್ಪ ತಿಳಿಯಾಗಿರುತ್ತದೆ, ಅವುಗಳ ನಡುವೆ ಎಣ್ಣೆ ಜಿನುಗಿ ಕಪ್ಪು. ಬೆಂಗಳೂರಿನವರು ಚರ್ಚ್ ಸ್ಟ್ರೀಟಿನ ಕಲ್ಲುಹಾಸಿನ ಮೇಲೆ ಬಗ್ಗಿ ನೋಡಿದರೆ ಸಂದಿನಲ್ಲಿ ಕೊಳೆ ಹೇಗೆ ಕೂರುತ್ತದೆ, ಕಲ್ಲಿನ ತಲೆ ಹೇಗೆ ಹೊಳೆಯುತ್ತದೆ ಅನ್ನುವುದು ಕಣ್ಣಿಗೇ ಸಿಗುತ್ತದೆ. ಗಾಡಿಯ ಟೈರಿಗೂ ಅಡಿಭಾಗಕ್ಕೂ ರಸ್ತೆಯ ಧೂಳಿಗೆ ಬಳಸಿದ ಅದೇ ಪುಡಿಬಣ್ಣ ಹಾಕಿ. ಬೇರೆ ಡಬ್ಬಿಯ ಧೂಳು ಬಳಸಿದರೆ ಬೇರೆ ಊರಿಂದ ಈಗಷ್ಟೇ ಎತ್ತಿ ತಂದಿಟ್ಟ ಹಾಗಿರುತ್ತದೆ.

ಯಾವುದಕ್ಕೆ ಯಾವುದು

ನೋಡುವವರು 45 ಸೆಂ.ಮೀ. ಹತ್ತಿರ ಬರುವ ಮುಂದಿನ ಬೀದಿಗೆ ಕೈಯಲ್ಲಿ ಒತ್ತಿದ ಜೇಡಿ, ಟೈರು ಚಪ್ಪಟೆ ಮಾಡಿದ, ಡ್ರೈವರ್ ಕೂತ, ಪ್ಲೇಟು ಬದಲಿಸಿದ ಡೈಕಾಸ್ಟ್. ಜೇಡಿಗೆ ವ್ಯವಧಾನ ಇಲ್ಲದವರು ಅಂಟು ಹಾಳೆ ಹಿಡಿಯಲಿ, ಆದರೆ ಅದರ ತಿಳಿಬಣ್ಣದ ಮೇಲೆ ಒಂದು ಕೈ ಕಂದು ಹರಿಸದೆ ಬಿಡಬಾರದು. ಯಾರ್ಡಿಗೆ ಎರಕದ ಬಿಲ್ಲೆ, ಹಳಿಯ ನಡುವೆ ಪ್ಲಾಸ್ಟಿಕ್ ಹಾಳೆ. ಎರಡಕ್ಕೂ ಒಂದೇ ದಿನ, ಒಂದೇ ಬಟ್ಟಲಿನ ಬಣ್ಣ ಬಳಿದರೆ ಸಾಮಗ್ರಿ ಬೇರೆ ಅಂತ ಗೊತ್ತಾಗುವುದಿಲ್ಲ. ಹಿಂದಿನ ಗುಡ್ಡದ ಬೀದಿಗೆ ಅಚ್ಚುಕಾಗದ, ಅದರ ಮೇಲೆ ಎಚ್‌ಓ ಪ್ಲಾಸ್ಟಿಕ್ ಕಾರುಗಳನ್ನು ಬಿಚ್ಚದೆ, ಬರೀ ಮ್ಯಾಟ್ ವಾರ್ನಿಶ್ಶನ್ನು ಬ್ರಶ್ಶಿನಲ್ಲಿ ಗಾಜು ತಪ್ಪಿಸಿ ಬಳಿದು ಇಟ್ಟರೆ ಸಾಕು. ತಂತಿ ಸಿಕ್ಕಿಸುವ ತೂತುಗಳನ್ನು ರಸ್ತೆಗೆ ಬಣ್ಣ ಬಳಿಯುವ ಮುಂಚೆಯೇ ಕೊರೆಯಿರಿ. ಆಮೇಲೆ ಕೊರೆದರೆ ಜೇಡಿಯ ಬಿಳಿ ಪುಡಿ ಹೊರಬಂದು ಸಂದಿನಲ್ಲಿ ಕೂರುತ್ತದೆ, ಮತ್ತೆ ಹೋಗುವುದಿಲ್ಲ.